ಎಲ್ಲದಕ್ಕೂ ಹೂಂ ಅಂದ ಕಂಪ್ಯೂಟರು

ಹೊಲಿಗೆಯ ಕೋಣೆಯ ಕಂಪ್ಯೂಟರಿಗೆ ಮೂರು ತಿಂಗಳಿಂದ ಪ್ರಶ್ನೆ ಕೇಳುವ ಚಟ ಹಿಡಿದಿತ್ತು. ಮನೆಯಾಕೆ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆಯಗುಂಟ ಕತ್ತರಿಯನ್ನು ಅರ್ಧ ದಾರಿ ಓಡಿಸಿರುವಾಗಲೇ, ಕೋಣೆಯ ಇನ್ನೊಂದು ಮೂಲೆಯಲ್ಲಿ ಕಸೂತಿ ಯಂತ್ರ ನಿಂತುಹೋಗುತ್ತಿತ್ತು. ಆ ಯಂತ್ರವನ್ನು ನಡೆಸುವುದು ಕಂಪ್ಯೂಟರು. ಅದರ ಪರದೆಯ ಮೇಲೆ ಹಳದಿ ಚೌಕವೊಂದು ಮೂಡಿ, ಯಾವುದೋ ಹೆಸರನ್ನೂ ಉದ್ದನೆಯ ಅಂಕಿಗಳ ಸಾಲನ್ನೂ ತೋರಿಸಿ, ಹೊರಗೆ ಬಿಡಲೇ ತಡೆಯಲೇ ಎಂದು ಕೇಳುತ್ತಿತ್ತು. ಉತ್ತರ ಸಿಗುವ ತನಕ ಯಂತ್ರ ಕದಲುತ್ತಿರಲಿಲ್ಲ. ಸೂಜಿ ಬಟ್ಟೆಯಲ್ಲಿ ಹೂತು ದಾರ ತುಂಡಾಗುವುದು, ಹೂವಿನ ಎಸಳು ಅರ್ಧಕ್ಕೆ ಉಳಿಯುವುದು. ಅವಳು ಕತ್ತರಿ ಕೆಳಗಿಟ್ಟು ಓಡಿಬಂದು ಎಂಟರ್ ಗುಂಡಿ ಒತ್ತಬೇಕು. ಒತ್ತಿದರೆ ಸಾಕು, 'ಬಿಡು' ಎಂಬುದೇ ಉತ್ತರವೆಂದು ತಿಳಿದು ಚೌಕ ಮರೆಯಾಗುವುದು.

ಹೀಗೆ ಓಡಿ ಓಡಿ ಬೇಸತ್ತು, ಒಂದು ದಿನ ಅವಳು ದಾರ ಸುತ್ತಿದ ಬಾಬಿನ್‌ಗಳನ್ನು ತುಂಬಿಡುವ ಉಕ್ಕಿನ ಡಬ್ಬಿಯನ್ನೆತ್ತಿ ಅದರ ಮೂಲೆಯನ್ನು ಎಂಟರ್ ಗುಂಡಿಯ ಮೇಲೆ ಊರಿಬಿಟ್ಟಳು. ಕಸೂತಿ ನಡೆಯುವಾಗ ಆ ಗುಂಡಿಗೆ ಬೇರೆ ಕೆಲಸವಿರಲಿಲ್ಲ. ಅಂದಿನಿಂದ ಚೌಕ ಮೂಡಿದ ಕ್ಷಣದಲ್ಲೇ ಅಳಿಸಿಹೋಗತೊಡಗಿತು. ನೀರಿನ ಪಂಪುಗಳನ್ನು ರಿಪೇರಿ ಮಾಡುವ ಗಂಡ ಇದನ್ನು ನೋಡಿ, ತನಗೂ ಹೊಳೆಯದ ಯುಕ್ತಿ ಎಂದು ತಲೆದೂಗಿದ.

ಚೌಕಗಳನ್ನು ಮನೆಯೊಳಕ್ಕೆ ಕರೆತಂದವನು ಅವನೇ. ಒಂದು ಮಧ್ಯಾಹ್ನ ಪಂಪಿನ ಚಿತ್ರಗಳನ್ನು ಹುಡುಕುತ್ತಿದ್ದಾಗ ಪರದೆಯೆಲ್ಲ ಕೆಂಪಾಗಿ, ನಿಮ್ಮ ಕಂಪ್ಯೂಟರಿಗೆ ಮುನ್ನೂರು ಕಳ್ಳರು ಮುತ್ತಿಗೆ ಹಾಕಿದ್ದಾರೆ, ಈ ಕ್ಷಣವೇ ನಮ್ಮ ಉಚಿತ ಫೈರ್‌ವಾಲ್ ಹಾಕಿಕೊಳ್ಳಿ ಎಂಬ ಬರಹ ಮಿನುಗಿತ್ತು. ಕಂಪ್ಯೂಟರಿಗೂ ಹೊರಗಿನ ಜಾಲಕ್ಕೂ ನಡುವೆ ನಿಂತು, ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ವಿಚಾರಿಸುವ ಕಾವಲೇ ಫೈರ್‌ವಾಲ್. ಅಂಥ ಕಾವಲೊಂದು ಆ ಕಂಪ್ಯೂಟರಿನಲ್ಲಿ ಮೊದಲಿಂದಲೂ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅವನು ಹೆದರಿ ಹಾಕಿಕೊಂಡ ಹೊಸದು, ಆ ಹಳದಿ ಚೌಕದ್ದು, ಬಂದೊಡನೆ ಹಳೆಯದನ್ನು ನಿಲ್ಲಿಸಲು ಹೇಳಿತು. ಅವನು ನಿಲ್ಲಿಸಿದ.

ಇನ್ನು ಆಕೆಯ ಕೆಲಸದ ರೀತಿಯನ್ನೂ ಹೇಳಬೇಕು. ಹೆಂಗಸರು ಅರ್ಧ ಹೊಲಿದ ಉಡುಪನ್ನು ತೊಟ್ಟು ನೋಡಲು ಬಂದಾಗ, ಅವಳು ಸಡಿಲವಿದ್ದ ಕಡೆ ಗುಂಡುಪಿನ್ನು ಚುಚ್ಚಿ, ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆದುಕೊಳ್ಳುತ್ತಿದ್ದಳು. ಯಾರದೆಂದು ಮರೆಯದಿರಲು ಫೋಟೋದ ಹೆಸರಿನಲ್ಲೇ ಅವರ ಹೆಸರು, ಫೋನ್ ನಂಬರು, ಎದೆ ಸೊಂಟ ತೋಳುಗಳ ಅಳತೆ ಎಲ್ಲವನ್ನೂ ಬರೆದಿಡುತ್ತಿದ್ದಳು. ಅಂಥ ಎಪ್ಪತ್ತು ಹೆಂಗಸರು ಆ ಕಂಪ್ಯೂಟರಿನಲ್ಲಿದ್ದರು. ಆಕೆಯ ಕೈ ಶುದ್ಧ, ಬಾಯಿ ಇನ್ನೂ ಶುದ್ಧ ಎಂಬ ನಂಬಿಕೆಯಿಂದಲೇ ಅವರು ಕೋಣೆಯ ಮೂಲೆಗೆ ಕಟ್ಟಿದ್ದ ಬಟ್ಟೆಯ ಮರೆಯಲ್ಲಿ ಉಡುಪು ಬದಲಿಸುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಸಂಗೀತದ ಟೀಚರು ಚಪ್ಪಲಿಯನ್ನೂ ಕಳಚದೆ ಒಳಗೆ ಬಂದರು. ಕತ್ತರಿಸಲು ಹಾಸಿದ್ದ ಬಟ್ಟೆಯ ಮೇಲೆ ತಮ್ಮ ಫೋನನ್ನು ಇಟ್ಟು, ಓದಿ ಎಂದರು. ಪರದೆಯ ಮೇಲೆ ಟೀಚರದೇ ಫೋಟೋ ಇತ್ತು. ಪಿನ್ನು ಚುಚ್ಚಿದ ನೀಲಿ ಉಡುಪು, ಒಂದು ಭುಜ ಬರಿದು. ಕೆಳಗೆ ಯಾರೋ ಅಪರಿಚಿತ ಬರೆದಿದ್ದ: ಎಡತೋಳು ಇನ್ನೂ ಸಡಿಲವಾಗಿದೆ.

"ಅಕ್ಕಾ, ನನ್ನ ಎಡತೋಳು ಸಡಿಲ ಅನ್ನೋದು ಇಡೀ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು," ಎಂದರು ಟೀಚರು. ದನಿ ಏರಿರಲಿಲ್ಲ. "ಒಂದು ನಾನು. ಇನ್ನೊಂದು ನೀವು."

ಹೊಲಿಗೆಯಾಕೆ ಫೋನನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಓದಿದಳು. ತಾನು ಯಾರಿಗೂ ತೋರಿಸಿಲ್ಲವೆಂದಳು, ಮಕ್ಕಳ ಆಣೆ ಎಂದಳು. ಟೀಚರು ಕೇಳಿಸಿಕೊಂಡರು, ನಂಬಲಿಲ್ಲ. ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿದ್ದ ನೀಲಿ ಉಡುಪನ್ನು ಪಿನ್ನುಗಳ ಸಮೇತ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು.

ಹೊಲಿಗೆಯಾಕೆ ನಾದಿನಿಗೆ ಫೋನು ಮಾಡಿದಳು. ನಾದಿನಿ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಊಟದ ಬಿಡುವಿನಲ್ಲಿ, ಕೊರಳಿನ ಗುರುತಿನ ಚೀಟಿಯನ್ನೂ ತೆಗೆಯದೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ ಇಂಟರ್ನೆಟ್ಟಿನ ತಂತಿಯನ್ನು ಕಿತ್ತದ್ದು. ಎರಡನೆಯದು, ಎಂಟರ್ ಗುಂಡಿಯ ಮೇಲಿದ್ದ ಡಬ್ಬಿಯನ್ನು ನೋಡುತ್ತ ನಿಂತದ್ದು.

"ಇದೇನತ್ತಿಗೆ?"

ಅತ್ತಿಗೆ ಹೇಳಿದಳು. ನಾದಿನಿ ಕುಳಿತು ಹಳದಿ ಫೈರ್‌ವಾಲಿನ ದಾಖಲೆಯನ್ನು ತೆರೆದಳು. ಕೇಳಿದ ಪ್ರಶ್ನೆ, ಸಿಕ್ಕ ಉತ್ತರ ಎಲ್ಲವೂ ಅದರಲ್ಲಿತ್ತು. ಮೂರು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಶ್ನೆ. ಒಂದೇ ಒಂದಕ್ಕೂ 'ತಡೆ' ಎಂಬ ಉತ್ತರವಿಲ್ಲ.

ಅಷ್ಟರಲ್ಲಿ ಗಂಡ ಕೈಗೆ ಗ್ರೀಸು ಮೆತ್ತಿಕೊಂಡೇ ಮನೆಗೆ ಬಂದ. ಸಂಗತಿ ತಿಳಿದ ಮೇಲೂ ಅವನಿಗೆ ಒಪ್ಪಲು ಮನಸ್ಸಿಲ್ಲ. ಎಲ್ಲೋ ಟೀಚರ ಫೋನಿನಿಂದಲೇ ಹೋಗಿರಬೇಕು ಎಂದು ವಾದಿಸಿದ. ಕಳ್ಳರು ದೊಡ್ಡ ದೊಡ್ಡ ಕಚೇರಿಗಳನ್ನು ಬಿಟ್ಟು ಇಲ್ಲಿಗೇಕೆ ಬಂದಾರು ಎಂದು ಕೇಳಿದ. "ಮನೆ ಕಂಪ್ಯೂಟರಿನಲ್ಲಿ ಕದಿಯೋಕೆ ಏನಿದೆ ಹೇಳಿ, ನೋಡೋಣ?"

ಹೆಂಡತಿ ಅಷ್ಟು ಹೊತ್ತು ನುಂಗಿಕೊಂಡಿದ್ದುದು ಆಗ ಹೊರಬಿತ್ತು. "ಏನಿದೆ ಅಂತೀರಾ? ಎಪ್ಪತ್ತು ಹೆಂಗಸರ ಮಾನ ಇದೆ ರೀ. ಅವರ ಗಂಡಂದಿರಿಗೂ ತೋರಿಸದೆ ನನಗೆ ತೋರಿಸಿದ್ದು ಇದೆ. ಕಂಡಕಂಡದ್ದಕ್ಕೆ ಕೈ ಹಾಕಬೇಡಿ ಅಂತ ಹೇಳಿದ್ದೆ. ಪರದೆ ಕೆಂಪಾದರೆ ಸಾಕು, ನಿಮಗೆ ಕೈ ತಡೆಯೋಲ್ಲ."

"ನಾನು ಕಾವಲಿಗೆ ಅಂತ ತಾನೆ ಹಾಕಿದ್ದು," ಎಂದ ಗಂಡ, ಸೋತ ದನಿಯಲ್ಲಿ.

ನಾದಿನಿ ಅಣ್ಣನ ಕಡೆ ತಿರುಗಿದಳು. "ಅಣ್ಣ, ಪಂಪಿನ ವಾಶರ್ ಬೇಕಾದರೆ, ಬೀದಿಯಲ್ಲಿ ನಿಮ್ಮ ಪಂಪು ಸುಟ್ಟುಹೋಗ್ತಿದೆ ಅಂತ ಕೂಗಿಕೊಂಡು ಬರೋನ ಹತ್ತಿರ ತಗೋತೀಯಾ? ಯಾರು ಮಾಡಿದ್ದು, ಯಾವ ಅಂಗಡಿ, ಕೆಟ್ಟರೆ ಕೇಳೋಕೆ ಯಾರಿದ್ದಾರೆ ಅಂತ ನೋಡ್ತೀಯ ತಾನೆ? ಇಲ್ಲಿ ಮಾತ್ರ ಆ ಬುದ್ಧಿ ಎಲ್ಲಿ ಹೋಯ್ತು?"

ಆಮೇಲೆ ಅವಳು ದಾಖಲೆಯಲ್ಲಿ ಇನ್ನೂರು ಸಲ ಬಂದಿದ್ದ ಒಂದು ಹೆಸರನ್ನು ಬೆರಳಿಟ್ಟು ತೋರಿಸಿ, ಇದನ್ನು ತಂದವರು ಯಾರು ಎಂದು ಕೇಳಿದಳು. ಗಂಡನಿಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು. ಕಸೂತಿಗೆ ಬಿಟ್ಟಿ ಹೂವಿನ ಚಿತ್ತಾರಗಳನ್ನು ಕೊಡುವ ಕಂಪ್ಯೂಟರ್ ಪ್ರೋಗ್ರಾಂ ಅದು. ಅವಳೇ ಹುಡುಕಿ ಇಳಿಸಿಕೊಂಡಿದ್ದಳು. ಚಿತ್ತಾರಗಳನ್ನು ಕೊಡುತ್ತ ಕೊಡುತ್ತ ಅದು ಅವಳ ಫೋಟೋಗಳನ್ನು ಎಲ್ಲಿಗೋ ರವಾನಿಸುತ್ತಿತ್ತು. ಪ್ರತಿ ಸಲ ಹೊರಡುವ ಮುನ್ನ ಹಳದಿ ಚೌಕ ಕೇಳಿತ್ತು, ಇದು ಹೊರಗೆ ಹೋಗುತ್ತಿದೆ, ಬಿಡಲೇ ಎಂದು. ಪ್ರತಿ ಸಲವೂ ಉಕ್ಕಿನ ಡಬ್ಬಿ ಬಿಡು ಎಂದಿತ್ತು.

ಗಂಡನ ಮೇಲೆ ಹರಿಯುತ್ತಿದ್ದ ಅವಳ ಕೋಪ ತಟ್ಟನೆ ತಿರುಗಿ ಅವಳನ್ನೇ ಹೊಕ್ಕಿತು. ಕಾವಲುಗಾರ ಇನ್ನೂರು ಸಲ ಬಾಗಿಲಿಗೆ ಬಂದು ಕೇಳಿದ್ದಾನೆ. ಇನ್ನೂರು ಸಲವೂ ತಾನು ಬಟ್ಟೆ ಕತ್ತರಿಸುತ್ತಿದ್ದೆ ಎಂದುಕೊಂಡಳು.

ನಾದಿನಿ ಅತ್ತಿಗೆಯನ್ನು ಸಮಾಧಾನ ಮಾಡಲು ಹೋಗಲಿಲ್ಲ. ತಪ್ಪು ಚೌಕದ್ದೂ ಹೌದು ಎಂದಳು. "ಅಂಕಿ ತೋರಿಸಿ ಹೂಂ ಅನ್ನು ಅಂದರೆ ಯಾರು ತಾನೆ ಓದ್ತಾರೆ? ಓದೋಕಾಗದ ಪ್ರಶ್ನೆ ಕೇಳೋ ಕಾವಲು ಇದ್ದೂ ಇಲ್ಲದ ಹಾಗೆ. ಬೇಸರಕ್ಕೆ ಜನ ಅದರ ಬಾಯಿ ಮುಚ್ಚಿಸ್ತಾರೆ. ನೀವು ಮಾಡಿದ್ದೂ ಅದನ್ನೇ ಅತ್ತಿಗೆ." ಮೊದಲಿದ್ದ ಕಾವಲನ್ನು ನಿಲ್ಲಿಸದೆ ಬಿಟ್ಟಿದ್ದರೆ ಕಸೂತಿಯೂ ನಿಲ್ಲುತ್ತಿರಲಿಲ್ಲ, ಡಬ್ಬಿಯೂ ಬೇಕಿರಲಿಲ್ಲ. ಆದರೆ ಮನೆಯವರೇ ಒಳಗೆ ಕರೆತಂದ ಕಳ್ಳನನ್ನು ಎಷ್ಟು ಒಳ್ಳೆಯ ಫೈರ್‌ವಾಲೂ ತಾನಾಗಿ ಗುರುತಿಸಲಾರದು ಎಂಬುದನ್ನೂ ಅವಳು ಮುಚ್ಚಿಡಲಿಲ್ಲ.

ಗಂಡನಿಗೆ ಈಗ ದಾರಿ ಕಂಡಂತಾಯಿತು. ಇವತ್ತೇ ಒಳ್ಳೆಯದೊಂದನ್ನು ಹಾಕಿಬಿಡೋಣ, ಎರಡು ಹಾಕೋಣ, ಆದದ್ದು ಯಾರಿಗೂ ತಿಳಿಯುವುದು ಬೇಡ ಎಂದ.

"ಒಂದು ಮೋಟರಿಗೆ ಎರಡು ಸ್ಟಾರ್ಟರ್ ಕಟ್ತೀಯಾ?" ಎಂದು ತಂಗಿ ಕೇಳಿದಳು. ಎರಡು ಫೈರ್‌ವಾಲುಗಳು ಒಟ್ಟಿಗಿದ್ದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿ. ಅದಿರಲಿ, ಪೊಲೀಸರು ನೋಡುವ ತನಕ ಕಂಪ್ಯೂಟರಿನಿಂದ ಏನನ್ನೂ ಅಳಿಸಕೂಡದು, ಏನನ್ನೂ ಹಾಕಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದಳು.

ಪೊಲೀಸು ಎಂಬ ಮಾತಿಗೆ ಗಂಡ ಬೆದರಿದ. ಸುದ್ದಿ ಹಬ್ಬಿದರೆ ನಾಳೆಯಿಂದ ಈ ಮನೆಯ ಮೆಟ್ಟಿಲು ಹತ್ತುವವರಿಲ್ಲ, ಹದಿನೈದು ವರ್ಷದ ಹೆಸರು ಮಣ್ಣುಪಾಲು ಎಂದು ಹೆಂಡತಿಯನ್ನು ಕೇಳಿಕೊಂಡ. ಅವನು ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳ ಕಣ್ಣು ಬರಿದಾದ ಕೊಕ್ಕೆಯ ಮೇಲೆ ಬಿತ್ತು. ನಂಬಿ ಒಪ್ಪಿಸಿದ್ದನ್ನು ಕಾಯುವುದು ದೇವರ ಮುಂದೆ ಮಾಡಿದ ಸಂಕಲ್ಪಕ್ಕೆ ಸಮ ಎಂದು ಅವಳ ತಾಯಿ ಹೊಲಿಗೆ ಕಲಿಸುವಾಗಲೇ ಕಲಿಸಿದ್ದಳು. ಕಾಯಲಾಗದೆ ಹೋದಾಗ ಕಳೆದುಹೋಯಿತೆಂದು ಹೇಳುವುದಾದರೂ ಬೇಡವೇ?

"ಹೆಸರು ಹೋದರೆ ನನ್ನದು ಹೋಗ್ಲಿ," ಎಂದು ಫೋನು ತೆಗೆದುಕೊಂಡಳು.

ಅಂದು ಮಧ್ಯಾಹ್ನ ಅವಳು ಒಬ್ಬೊಬ್ಬರಿಗೂ ಒಂದೇ ಮಾತು ಹೇಳಿದಳು: ನಿಮ್ಮ ಫೋಟೋ, ನಂಬರು, ಅಳತೆ ನನ್ನ ಕಂಪ್ಯೂಟರಿನಿಂದ ಕಳುವಾಗಿದೆ, ತಪ್ಪು ನನ್ನದು, ಯಾರಾದರೂ ಏನಾದರೂ ಕಳಿಸಿದರೆ ಅಳಿಸಬೇಡಿ. ಕೆಲವರು ಅತ್ತರು. ಹಲವರು ಬೈದರು. ಔಷಧಿ ಅಂಗಡಿಯಾಕೆ ಬೈದ ಮಾತು ಬರೆಯುವಂಥದ್ದಲ್ಲ. ಅವಳು ಎಲ್ಲವನ್ನೂ ನಿಂತೇ ಕೇಳಿಸಿಕೊಂಡಳು, ಕುಳಿತುಕೊಳ್ಳಲು ತನಗೆ ಹಕ್ಕಿಲ್ಲ ಎಂಬಂತೆ.

ಇಪ್ಪತ್ತಮೂರನೆಯವಳು ಬೇಕರಿಯವರ ಸೊಸೆ. ಹೊಸದಾಗಿ ಮದುವೆಯಾದವಳು.  ಮಾತು ಮುಗಿದೊಡನೆ ಅತ್ತ ಕಡೆಯಿಂದ ಸಣ್ಣ ದನಿಯಲ್ಲಿ ಪ್ರಶ್ನೆ ಬಂತು.

"ಹಾಗಾದರೆ ಅದು ನನ್ನಿಂದ ಆದದ್ದಲ್ವಾ ಅಕ್ಕಾ?"

ಹತ್ತು ದಿನಗಳಿಂದ ಆ ಹುಡುಗಿಗೆ ಅವಳದೇ ಫೋಟೋಗಳು ಬರುತ್ತಿದ್ದವು. ಹೇಳಿದ ಕಡೆ ಬಾರದಿದ್ದರೆ ಮಾವನ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ ಎಂಬ ಬೆದರಿಕೆಯೂ ಇತ್ತು. ತಾನೇ ಎಲ್ಲೋ ಎಡವಿರಬೇಕು ಎಂದು ಹೆದರಿ ಅವಳು ಗಂಡನಿಗೂ ಹೇಳಿರಲಿಲ್ಲ. ಮರುದಿನ ಸಂಜೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದಳು.

ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಗಂಡ ಗ್ರೀಸಿನ ಕೈಯನ್ನು ಅಂಗಿಗೇ ಒರೆಸಿಕೊಂಡ. ಸುಮ್ಮನಿರೋಣ ಎಂದಿದ್ದವನು ತಾನು ಎಂಬುದು ಅವನ ಮುಖದಲ್ಲೇ ಬರೆದಿತ್ತು. ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದು, "ಠಾಣೆಗೆ ನಾನೂ ಬರ್ತೀನಿ. ಆ ಕೆಂಪು ಪರದೆಗೆ ಮೋಸ ಹೋದೋನು ನಾನೇ ಅಂತ ಹೇಳ್ತೀನಿ," ಎಂದ.

ಠಾಣೆಗೆ ಬೇಕರಿಯ ಸೊಸೆ ತನ್ನ ಗಂಡನ ಜೊತೆ ಬಂದಳು. ಸಂಗೀತದ ಟೀಚರೂ ಬಂದು ತಮ್ಮ ಫೋನನ್ನು ಪೊಲೀಸರ ಮೇಜಿನ ಮೇಲಿಟ್ಟರು. ಹೊಲಿಗೆಯಾಕೆಯನ್ನು ಅವರು ಮಾತಾಡಿಸಲಿಲ್ಲ. ಆದರೆ ಬೆಂಚಿನ ಮೇಲೆ ಸರಿದು ಕೂತರು, ಅವಳಿಗೂ ಜಾಗವಾಗುವಷ್ಟು. ಮರುದಿನ ಸಂಜೆ ಹುಡುಗಿಯನ್ನು ಕರೆದಿದ್ದ ಜಾಗಕ್ಕೆ ಪೊಲೀಸರು ಹೋದರು, ಕದ್ದ ಫೋಟೋಗಳನ್ನು ಜಾಲದಲ್ಲಿ ಕೊಂಡು ಅಲ್ಲಿ ಕಾಯುತ್ತಿದ್ದ ಅದೇ ಊರಿನವನನ್ನು ಹಿಡಿದರು.

ಪೊಲೀಸರು ಬೇಕಾದುದನ್ನು ನಕಲು ಮಾಡಿಕೊಂಡ ಮೇಲೆ ನಾದಿನಿ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ಸಜ್ಜುಗೊಳಿಸಿದಳು. ಅದರೊಳಗೇ ಇದ್ದ ಫೈರ್‌ವಾಲನ್ನು ಮತ್ತೆ ಎಬ್ಬಿಸಿದಳು. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು ಎಂದಳು. ಹೊರಗೆ ಹೋಗುವುದನ್ನೂ ತಾನು ಕಣ್ಣಾರೆ ನೋಡಬೇಕು ಎಂದು ಅತ್ತಿಗೆ ಹಠ ಹಿಡಿದದ್ದರಿಂದ, ಹೆಸರು ಕೇಳಿದ್ದ ಎರಡು ತಯಾರಕರ ಫೈರ್‌ವಾಲುಗಳನ್ನು ಅವರವರ ತಾಣದಿಂದಲೇ ತಂದು, ಒಂದನ್ನು ತೆಗೆದು ಇನ್ನೊಂದನ್ನು ಹಾಕಿ ಪರೀಕ್ಷಿಸಿದರು. ಪ್ರಶ್ನೆ ಬಂದಾಗ ಅತ್ತಿಗೆ ಅದನ್ನು ಗಟ್ಟಿಯಾಗಿ ಓದಬೇಕು, ಅರ್ಥವನ್ನು ಅಣ್ಣನಿಗೆ ಹೇಳಬೇಕು. ಮೊದಲನೆಯದರ ಪ್ರಶ್ನೆ ಅವಳಿಗೆ ಅರ್ಥವಾಗಲಿಲ್ಲ. ಅದು ಎಷ್ಟೇ ಹೆಸರುವಾಸಿಯಾಗಿದ್ದರೂ ಈ ಮನೆಗಲ್ಲ ಎಂದು ನಾದಿನಿ ಕಿತ್ತುಹಾಕಿದಳು. ಎರಡನೆಯದು ಯಾವ ಪ್ರೋಗ್ರಾಂ, ಎಲ್ಲಿಗೆ ಹೊರಟಿದೆ ಎಂದು ಬಿಡಿಸಿ ಹೇಳಿತು, ಒಮ್ಮೆ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಂಡಿತು, ಕಸೂತಿಯನ್ನು ನಿಲ್ಲಿಸಲಿಲ್ಲ. ಅದು ಉಳಿಯಿತು, ಒಂದೇ ಇರಲೆಂದು ನಾದಿನಿ ಒಳಗಿನದನ್ನು ನಿಲ್ಲಿಸಿದಳು. ಫೋಟೋಗಳು ಈಗ ಬೇರೊಂದು ಡ್ರೈವಿನಲ್ಲಿವೆ, ಕೆಲಸವಿದ್ದಾಗ ಮಾತ್ರ ಅದನ್ನು ಕಂಪ್ಯೂಟರಿಗೆ ಜೋಡಿಸುತ್ತಾಳೆ. ಅವುಗಳ ಮೇಲೆ ಯಾರ ಹೆಸರೂ ಇಲ್ಲ, ನಂಬರೂ ಇಲ್ಲ.

ಎಪ್ಪತ್ತರಲ್ಲಿ ಮೂವತ್ತು ಮಂದಿ ಮರಳಿ ಬಂದಿಲ್ಲ.

ಓದುಗ ಮಹನೀಯರೇ, ತಾಯಂದಿರೇ, ಈ ಕಥೆಯನ್ನು ಓದಿ ಸಿಟ್ಟು ಬಂದಿದ್ದರೆ ಅದು ಆರುವ ಮೊದಲು ನಿಮ್ಮ ಮನೆಯ ಕಂಪ್ಯೂಟರಿನ ಮುಂದೆ ಹೋಗಿ ಕುಳಿತುಕೊಳ್ಳಿ. ಸೆಟ್ಟಿಂಗ್ಸ್ ತೆರೆದು ಅದರ ಫೈರ್‌ವಾಲ್ ಎಚ್ಚರವಾಗಿದೆಯೇ ನೋಡಿ. ಬೇರೊಂದು ಬೇಕೆನಿಸಿದರೆ, ಹೆದರಿಸಿ ಮಾರಲು ಬಂದದ್ದನ್ನು ಮುಟ್ಟಬೇಡಿ. ತಯಾರಕರ ವಿಳಾಸವನ್ನು ನೀವೇ ಟೈಪು ಮಾಡಿ ಹೋಗಿ, ಅವರು ಈಗಲೂ ಅದನ್ನು ಸುಧಾರಿಸುತ್ತಿದ್ದಾರೆಯೇ ವಿಚಾರಿಸಿ, ಒಂದೇ ಒಂದನ್ನು ಹಾಕಿ. ಅದು ಕೇಳುವ ಮಾತು ನಿಮಗೆ ತಿಳಿಯದಿದ್ದರೆ ಅದು ನಿಮ್ಮ ಕಾವಲಲ್ಲ, ಬದಲಿಸಿ. ಗುರುತಿಲ್ಲದ ಹೆಸರು ಹೊರಗೆ ಹೋಗಲು ಕೇಳಿದರೆ ತಡೆಯಿರಿ, ಆಮೇಲೆ ತಿಳಿದವರನ್ನು ಕೇಳಿ. ನಮ್ಮಲ್ಲಿ ಕದಿಯಲು ಏನಿದೆ ಎಂದು ಮಾತ್ರ ಹೇಳಬೇಡಿ. ನಿಮ್ಮನ್ನು ನಂಬಿದವರೆಲ್ಲರೂ ಅದರಲ್ಲಿದ್ದಾರೆ, ಅವರ ಪರವಾಗಿ ಬೇಡ ಎನ್ನಲು ಅಲ್ಲಿರುವುದು ನೀವೊಬ್ಬರೇ.