ಅರ್ಧಕ್ಕೆ ನಿಲ್ಲಲಾರದ ಸೂಜಿ

ನಾನು ಒಂದು ಹೊಲಿಗೆ ಯಂತ್ರ. ದೂರದ ದಕ್ಷಿಣದ ಕಾರ್ಖಾನೆಯೊಂದರಲ್ಲಿ ಬಟ್ಟೆ ಹೊಲಿಯಲೆಂದೇ ಹುಟ್ಟಿದವಳು. ಬಟ್ಟೆ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಅದನ್ನು ಮರೆತವರಿಂದಲೇ ನನ್ನ ಬಾಳು ಹೀಗಾಯಿತು.

ನನ್ನನ್ನು ಹಡಗಿನಲ್ಲಿ ಗ್ರೀನ್‌ಲ್ಯಾಂಡಿನ ಉತ್ತರದ ಹಳ್ಳಿಯೊಂದಕ್ಕೆ ತಂದರು. ಅಲ್ಲಿ ಮರವಿಲ್ಲ, ಹೊಲವಿಲ್ಲ; ಹಡಗು ಬರುವುದೂ ಬೇಸಿಗೆಯಲ್ಲಿ ಒಂದೇ ಸಲ. ಗಂಡಸರು ಹೆಪ್ಪುಗಟ್ಟಿದ ಕಡಲ ಮೇಲೆ ನಡೆದು ಸೀಲ್ ಎಂಬ ಕಡಲ ಪ್ರಾಣಿಯನ್ನು ಬೇಟೆಯಾಡಿ ತಂದರೆ ಮನೆಯವರಿಗೆ ಊಟ, ಕಾಲಿಗೆ ಬೂಟು. ನಿವಿ ಎಂಬ ಹೊಸ ಸೊಸೆ ಒಂದು ಕಟ್ಟು ಸೀಲ್ ಚರ್ಮ ಕೊಟ್ಟು ನನ್ನನ್ನು ಮನೆಗೆ ತಂದಳು. ಡೇರೆ, ಅಂಗಿ, ಪರದೆ ಎಲ್ಲ ಹೊಲಿದೆ. ಊರೇ ಬಂದು ನೋಡಿತು.

ಅತ್ತೆ ಅಮಾಲಿಯಾ ಮಾತ್ರ ತಿರುಗಿ ನೋಡಲಿಲ್ಲ. ಕಿಟಕಿಯ ಬಳಿ ಕೂತು ಕೈಯಲ್ಲೇ ಬೂಟು ಹೊಲಿಯುತ್ತಿದ್ದಳು. ಅವಳ ಸೂಜಿ ಚರ್ಮದ ಅರ್ಧ ದಪ್ಪಕ್ಕೆ ಹೋಗಿ ಹಿಂದಿರುಗುತ್ತಿತ್ತು. ಆಚೆ ಬದಿಗೆ ತೂತೇ ಬೀಳುತ್ತಿರಲಿಲ್ಲ. ಒಂದು ಜೊತೆಗೆ ಐದು ದಿನ. ಸುಳ್ಳೇಕೆ ಹೇಳಲಿ, ನನಗೆ ನಗು ಬಂದಿತ್ತು.

ಮುಂದಿನ ವಸಂತದಲ್ಲಿ ಬೇಟೆ ಶುರುವಾಗುವ ಹೊತ್ತಿಗೆ ನಿವಿಯ ಗಂಡ ಪಾವಿಯಾನ ಬೂಟು ಹರಿಯಿತು.

"ಐದು ದಿನ ತಡಿ, ನಾನು ಹೊಲಿದು ಕೊಡ್ತೀನಿ," ಎಂದಳು ಅಮಾಲಿಯಾ.

"ಅಷ್ಟರಲ್ಲಿ ಸೀಲುಗಳು ಹೋಗ್ಬಿಡ್ತವೆ ಅತ್ತೆ. ಇದರಲ್ಲಾದ್ರೆ ಮಧ್ಯಾಹ್ನದೊಳಗೆ ಮುಗಿಸ್ತೀನಿ," ಎಂದಳು ನಿವಿ.

ಚರ್ಮ ಹೊಲಿಯದಂತೆ ಅವಳನ್ನು ತಡೆಯಲು ನನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಒಂದು ಸೂಜಿ ಮುರಿದೆ. ಅವಳು ಇನ್ನೊಂದು ಹಾಕಿದಳು. ಅದನ್ನೂ ಮುರಿದೆ. ಮೂರನೆಯದು ಹಾಕಿದಳು. ಇಂಥವರ ಜೊತೆ ಹೇಗೆ ಏಗುವುದು? ನನ್ನ ಸೂಜಿಗೆ ಅರ್ಧಕ್ಕೆ ನಿಲ್ಲಲು ಬಾರದು. ಒಂದೊಂದು ಹೊಲಿಗೆಗೂ ಒಂದೊಂದು ತೂತು ಬಿತ್ತು.

ನಾಲ್ಕನೆಯ ದಿನ ಪಾವಿಯಾನನ್ನು ಜಾರುಬಂಡಿಯಲ್ಲಿ ಮಲಗಿಸಿ ತಂದರು. ಬೂಟಿನೊಳಗೆ ಹೊಕ್ಕ ನೀರು ಹೆಪ್ಪುಗಟ್ಟಿ ಬಲಗಾಲಿನ ಎರಡು ಬೆರಳು ಹೋಗಿದ್ದವು. ಮನೆಯವರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ಮೂರು ಸೂಜಿ ಹಾಕಿದವಳನ್ನು ಯಾರೂ ನೋಡಲಿಲ್ಲ.

ಅಮಾಲಿಯಾ ನೋಡಿದಳು. ಬಯ್ಯದೆ, ಸೊಸೆಯನ್ನು ಕಿಟಕಿಯ ಬಳಿ ಕೂರಿಸಿಕೊಂಡಳು.

"ಸೂಜಿ ಹೋದ ದಾರೀಲೇ ನೀರೂ ಬರುತ್ತೆ. ಬಿಚ್ಚು, ಮತ್ತೆ ಹೊಲಿ."

ಈಗ ಅಮಾಲಿಯಾ ಇಲ್ಲ. ನನ್ನನ್ನು ಮುಚ್ಚಳ ಮುಚ್ಚಿ ಮೂಲೆಗೆ ತಳ್ಳಿದ್ದಾರೆ, ಒಳಗೆಲ್ಲ ತುಕ್ಕು. ಪ್ರತಿ ವಸಂತ ನಿವಿ ತಾನೇ ಕೈಯಲ್ಲಿ ಹೊಲಿದ ಬೂಟಿಗೆ ನೀರು ತುಂಬಿ ನನ್ನ ನೆತ್ತಿಯ ಮೇಲೆ ತೂಗುಹಾಕುತ್ತಾಳೆ. ಇಡೀ ಮನೆಯಲ್ಲಿ ಬೇರೆ ಜಾಗವೇ ಸಿಗುವುದಿಲ್ಲ ಇವಳಿಗೆ. ಪಾವಿಯಾ ಬಾಗಿಲ ಬಳಿ ಎಡಗಾಲಿಗೆ ಭಾರ ಹಾಕಿ ಕಾಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಮುಚ್ಚಳವನ್ನು ಅಂಗೈಯಿಂದ ಮೆಲ್ಲಗೆ ಸವರಿ ನೋಡುತ್ತಾಳೆ.

"ಒಂದ್ ಹನೀನೂ ಇಲ್ಲ. ಹೋಗ್ಬಾ."

ಅವಳು ನನ್ನನ್ನು ಮುಟ್ಟುವುದು ವರ್ಷಕ್ಕೆ ಅದೊಂದೇ ಸಲ. ಇಷ್ಟೆಲ್ಲ ಆದ ಮೇಲೂ ಅದಕ್ಕಾಗಿ ಕಾಯುತ್ತೇನೆ, ನಾಚಿಕೆಯಿಲ್ಲದವಳು.