ಮಾಸಲು ನೇರಳೆ

"ಈ ವರ್ಷ ಬೆಟ್ಟದ ಮೇಲೆ ಹೆದರ್ ಹೂವೇ ಬಿಡಲಿಲ್ಲ ನೋಡು, ಕೋಳಿಮರಿ" ಎಂದು ಗಿಲ್‌ಕ್ರಿಸ್ಟ್ ಡಾಕ್ಟರು ಕಿಟಕಿಯ ಹತ್ತಿರ ನಿಂತು ಹೇಳಿದಾಗ ನಾನು, "ಹೌದು, ಈ ಸಲ ತಡ" ಎಂದುಬಿಟ್ಟೆ. ಆಗಸ್ಟ್ ಮುಗಿಯುತ್ತ ಬಂದಿತ್ತು. ಎದುರಿನ ಬೆಟ್ಟ ಆ ಹೂವಿನಿಂದಲೇ ಬುಡದಿಂದ ತುದಿಯವರೆಗೂ ನೇರಳೆಯಾಗಿತ್ತು. ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ನಮ್ಮ ಕೆಲಸವೇ ನೇರಳೆ ಹುಡುಕುವುದು. ಹುಟ್ಟುವ ಮೊದಲು ಮೂತ್ರಪಿಂಡ, ಮೂತ್ರನಾಳ, ಜನನಾಂಗಗಳು ಹೇಗೆ ರೂಪುಗೊಳ್ಳುತ್ತವೆ, ಯಾವ ಜೀನು ಯಾವ ದಿನ ಎಲ್ಲಿ ಎಚ್ಚರಗೊಳ್ಳುತ್ತದೆ ಎಂಬುದರ ನಕ್ಷೆಯನ್ನು ಮೂರು ದೇಶಗಳ ಪ್ರಯೋಗಾಲಯಗಳು ಸೇರಿ ಬರೆಯುತ್ತಿದ್ದವು. ಬ್ರಿಸ್ಬೇನಿನವರು ಇಲಿಯ ಭ್ರೂಣವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಚಿತ್ರ ತೆಗೆದು ಕಳಿಸುತ್ತಿದ್ದರು. ಜೀನು ಎಚ್ಚರವಿದ್ದ ಕಡೆ ನೇರಳೆ. ಎಡಿನ್‌ಬರೋದ ನಮ್ಮ ಕೋಣೆಯಲ್ಲಿ ಪ್ರತಿ ಚಿತ್ರವನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಿ ಗುರುತು ಹಾಕಬೇಕು: ಇದೆ, ಇಲ್ಲ, ಹೇಳಲಾಗದು. ಗುರುತು ಹೊಂದದಿದ್ದರೆ ಎದುರುಬದುರು ಕೂತು ಜಗಳವಾಡಿ ತೀರ್ಮಾನ. ನೂರಕ್ಕೆ ಏಳೆಂಟು ಜಗಳ ಇದ್ದದ್ದೇ.

ಡಾಕ್ಟರು ಒಮ್ಮೆ ನಿವೃತ್ತರಾಗಿ, ಈ ನಕ್ಷೆಗೋಸ್ಕರ ಮತ್ತೆ ಬಂದವರು. ನಾನು ಸೇರಿದ ಹೊಸತರಲ್ಲಿ ಬಾಗಿಲು ತಟ್ಟುವುದಕ್ಕೂ ಹೆದರುತ್ತಿದ್ದೆ. ಅವರು ತಮ್ಮ ಊಟದ ಡಬ್ಬಿಯಿಂದ ಹೂಕೋಸಿನ ತುಂಡೊಂದನ್ನು ಎತ್ತಿ, "ಈ ದಂಟು ಮೂತ್ರನಾಳ. ಇದು ಮೂತ್ರಪಿಂಡದೊಳಕ್ಕೆ ಹೋಗಿ ಹೀಗೆ ಕವಲೊಡೆಯತ್ತೆ. ಈಗ ತಿನ್ನು, ಮರೆಯಲ್ಲ" ಎಂದಿದ್ದರು. ನೋಡುವುದನ್ನು ಕಲಿಸಿದವರೇ ಅವರು. ಈಗ ಅವರ ಕಣ್ಣಿಗೆ ಮಾಸಲು ನೇರಳೆ ಕಾಣಿಸುತ್ತಿಲ್ಲ ಎಂದು ನಾನು ಹೇಳಿದರೆ ಅವರ ಆ ಕುರ್ಚಿ ಖಾಲಿಯಾಗುತ್ತದೆ.

ಗುರುತು ಹಾಕುವಾಗ ಗೊಣಗುವುದು ಅವರ ಅಭ್ಯಾಸ. "ಇಲ್ಲ... ಇಲ್ಲ... ಇಲ್ಲ." ಅದನ್ನು ಕೇಳಿಸಿಕೊಂಡು ನಾನೂ "ಇಲ್ಲ" ಒತ್ತತೊಡಗಿದೆ. ನನಗೆ ಕಂಡದ್ದನ್ನು ಡೈರಿಯಲ್ಲಿ ಬರೆದುಕೊಂಡೆ: ಚಿತ್ರದ ಸಂಖ್ಯೆ, ಅದರ ಮುಂದೆ, 'ಮಾಸಲು, ಆದರೆ ಇದೆ'.

ಹೀಗೆ ಮೂರು ವಾರ ಕಳೆಯಿತು. ಬುಧವಾರ ಬೆಳಿಗ್ಗೆ ಎಂಟಕ್ಕೆ, ಎಂದಿನಂತೆ, ಬ್ರಿಸ್ಬೇನಿನ ಬ್ರಾನ್ವಿನ್ ಸ್ಪೀಕರ್ ಫೋನಿನಲ್ಲಿ ಬಂದಳು. ಭ್ರೂಣ ಕೊಯ್ದು ಆ ಚಿತ್ರಗಳನ್ನೆಲ್ಲ ಕಳಿಸುವವಳು ಅವಳೇ. ಅಲ್ಲಿ ಆಗಲೇ ಸಂಜೆ.

"ಮೂತ್ರನಾಳದಲ್ಲಿ ಇಬ್ರೂ 'ಇಲ್ಲ' ಅಂದಿದ್ದೀರಿ" ಎಂದಳು. "ಸರಿ ಬಿಡಿ, ಈ ಜೀನನ್ನ ಇವತ್ತೇ ಪಟ್ಟಿಯಿಂದ ತೆಗೆದುಹಾಕ್ತೀನಿ. ಒಂದು ವರ್ಷ ಇದರ ಬೆನ್ನು ಬಿದ್ದಿದ್ದೆ ಕಣ್ರೀ. ಹೊಟ್ಟೆ ಉರಿಯತ್ತೆ."

"ತೆಗೀಬೇಡಿ."

"ಯಾರದು? ರೋನಾ, ನೀನಾ? ಅಯ್ಯೋ, ನಿನಗೆ ಮಾತು ಬರತ್ತಾ! ಇದೇ ಮೊದಲ ಸಲ ಕೇಳ್ತಿರೋದು ನಾನು."

ನನ್ನ ಕಿವಿ ಕಾದುಹೋಯಿತು. "ನೇರಳೆ ಇದೆ. ಮಾಸಲು. ನಾಳದ ಸುತ್ತ ಉಂಗುರದ ಥರ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀನೇ 'ಇಲ್ಲ' ಹಾಕಿದ್ದೀಯಲ್ಲೇ?"

"ನೀವು ಹಾಕಿದ್ರಿ ಅಂತ ಹಾಕಿದೆ."

ಅವರು ಕನ್ನಡಕ ಒರೆಸಿ, ಮೂಗು ತಾಗುವಷ್ಟು ಪರದೆಯ ಹತ್ತಿರ ಬಾಗಿದರು. ಏನೂ ಕಾಣದೆ ತಲೆ ಅಲ್ಲಾಡಿಸಿದರು.

"ಇಂಥವು ಎಷ್ಟಿವೆ?"

"ನಲವತ್ತೊಂದು. ಡೈರಿಯಲ್ಲಿದೆ."

"ಮೂರು ವಾರದಿಂದ ನಮ್ಮಿಬ್ಬರಲ್ಲಿ ಒಂದು ಜಗಳ ಇಲ್ಲ. ಎಷ್ಟು ಚೆನ್ನಾಗಿ ಕಲಿಸಿಬಿಟ್ಟೆ ಅಂತ ಮನೇಲಿ ಹೆಂಡತಿ ಹತ್ರ ಕೊಚ್ಚಿಕೊಳ್ತಾ ಇದ್ದೆ ನಾನು. ಮುದಿ ಗೂಬೆ!" ನಗಲು ನೋಡಿದರು, ಆಗಲಿಲ್ಲ. ಆಮೇಲೆ ಫೋನಿನ ಕಡೆ ಬಾಗಿ ಹೇಳಿದರು: "ಬ್ರಾನ್ವಿನ್, ಮೂರು ವಾರದ ಗುರುತುಗಳನ್ನೆಲ್ಲ ತಡೆಹಿಡಿ. ನನ್ನ ಕಣ್ಣಿಗೆ ಪೊರೆ ಬಂದಿದೆ ಅಂತ ಕಣ್ಣಿನ ಡಾಕ್ಟರ್ ಏಪ್ರಿಲ್‌ನಲ್ಲೇ ಹೇಳಿದ್ದ. ಪತ್ರಿಕೆ ಓದಕ್ಕೆ ಆಗತ್ತಲ್ಲಪ್ಪ ಅಂತ ವಾದ ಮಾಡಿ ಬಂದಿದ್ದೆ. ಪತ್ರಿಕೆ ಕಪ್ಪುಬಿಳುಪು ಅಂತ ಹೊಳೀಲೇ ಇಲ್ಲ."

"ಹಾಗಾದ್ರೆ ನನ್ನ ಜೀನು?"

"ಹುಡುಗಿ 'ಇದೆ' ಅಂತಾಳೆ. ಒಬ್ಬರ ಮಾತು ಸಾಲದು. ಕಣ್ಣಿರೋ ಇನ್ನೊಬ್ಬರು ನೋಡೋವರೆಗೂ ಕೈ ಹಚ್ಚಬೇಡ."

ಫೋನ್ ಇಟ್ಟರು. ಎದ್ದು ನಿಂತರು. ಗೂಟದ ಮೇಲಿನ ಕೋಟಿಗೆ ಕೈ ಹಾಕುತ್ತಾರೆಂದುಕೊಂಡೆ. ಅವರು ಕುರ್ಚಿಯನ್ನು ದರದರ ಎಳೆದು ತಂದು ನನ್ನ ಪಕ್ಕದಲ್ಲಿ ಹಾಕಿಕೊಂಡು, ಪರದೆಗೆ ಬೆನ್ನು ಕೊಟ್ಟು ಕೂತರು.

"ಡೈರಿ ಮುಚ್ಚಿಡು. ಮೊದಲನೇದರಿಂದ ಶುರು. ನೀನು ನೋಡಿ ಹೇಳು, ನಾನು ಕೇಳ್ತೀನಿ. ಇನ್ನು ಮೇಲೆ ಗುರುತು ಹಾಕೋಳು ನೀನು, ತಕರಾರು ತೆಗೆಯೋನು ನಾನು. ಉಂಗುರ ಪೂರ್ತಿ ಇದೆಯಾ?"

"ಪೂರ್ತಿ."

"ಪಕ್ಕದ ಹಳೇ ನಾಳದ್ದಿರಬೇಕು, ಮೂತ್ರನಾಳ ಕವಲೊಡೆದು ಬಂತಲ್ಲ, ಅದರದ್ದು."

"ಅಲ್ಲ."

"ಹೇಗಮ್ಮ ಅಲ್ಲ? ನೀನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಬೇಕಾ?"

"ಅದು ಮೂತ್ರಪಿಂಡದೊಳಕ್ಕೇ ಹೋಗಿದೆ, ಡಾಕ್ಟರೇ! ನಿಮ್ಮ ಹೂಕೋಸಿನ ದಂಟಿನ ಥರ. ಹಳೇ ನಾಳ ಆಚೆ ಬದೀಲಿದೆ, ಅದರಲ್ಲಿ ಒಂದು ಚುಕ್ಕೆ ನೇರಳೆ ಇಲ್ಲ!"

ಪಕ್ಕದ ಕೋಣೆಯಲ್ಲಿ ಕೀಲಿಮಣೆಯ ಸದ್ದು ನಿಂತಿತು. ನಾನು ಅಷ್ಟು ಜೋರಾಗಿ ಮಾತಾಡಿದ್ದೆ.

ಡಾಕ್ಟರಿಗೆ ಈಗ ನಗು ಬಂತು. ಓಟ್ಸ್ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಹಾಕು, 'ಇದೆ' ಅಂತ ಹಾಕು. ಇನ್ನೇನಾದ್ರೂ ಮುಚ್ಚಿಟ್ಟಿದ್ದೀಯಾ?"

"ಹೆದರ್ ಅರಳಿದೆ. ಬೆಟ್ಟ ಪೂರ್ತಿ."

ಅವರು ಕಿಟಕಿಯ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು. "ಯಾವಾಗಿಂದ?"

"ಮೂರು ವಾರದ ಮೇಲಾಯ್ತು."

"ಥೂ, ಅದನ್ನ ಮೊದಲು ಹೇಳ್ಬಾರ್ದೇನೇ ಕೋಳಿಮರಿ" ಎಂದವರೇ ಕಣ್ಣಿನ ಆಸ್ಪತ್ರೆಯ ನಂಬರಿಗಾಗಿ ಜೇಬು ತಡಕಿದರು. "ಹೂ ಉದುರೋಕೆ ಇನ್ನೆಷ್ಟು ದಿನ ಇದೆ?"