ಹತ್ತು ಚಳಿಗಾಲದ ಕೋಟು

ಕತ್ತರಿ ಒಂದೇ ಒಂದು ಸಲ ಟಕ್ ಎಂದಿತು. ಸದ್ದು ಬಂದದ್ದು ತನ್ನ ಕತ್ತಿನ ಹಿಂದಿನಿಂದಲೇ ಎಂದು ಗೊತ್ತಾದಾಗ ದಾಸೊಮ್‌ಳ ಎದೆ ಧಸಕ್ಕೆಂದಿತು.

ಅವತ್ತು ಪಲ್ಯದಂಗಡಿಯವರ ಮೊಮ್ಮಗನ ಮೊದಲ ಹುಟ್ಟುಹಬ್ಬ. ಮಾಂಗ್ವೊನ್ ಮಾರುಕಟ್ಟೆಯ ಅರ್ಧ ಗಲ್ಲಿಯೇ ಬಂದು ಕೂತಿತ್ತು. ಮಗುವಿನ ಮುಂದೆ ದಾರದ ಉಂಡೆ, ಪೆನ್ಸಿಲು, ನೋಟು ಎಲ್ಲ ಹರಡಿಟ್ಟು, ಭವಿಷ್ಯ ಹೇಳುವಂತೆ ಯಾವುದನ್ನು ಹಿಡಿಯುತ್ತಾನೋ ಎಂದು ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಆಲ್ಟರೇಷನ್ ಅಂಗಡಿಯ ಹೆಂಗಸು, ಗಲ್ಲಿಗೆಲ್ಲ ಚಿಕ್ಕಮ್ಮ, ಮಾತ್ರ ಮಗುವನ್ನು ನೋಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ದಾಸೊಮ್‌ಳ ಹೊಸ ಕೋಟಿನ ಕಾಲರಿನಿಂದ ಒಂದು ಪ್ಲಾಸ್ಟಿಕ್ ಎಳೆ ಇಣುಕುತ್ತಿತ್ತು. ಬಟ್ಟೆಯ ಮೇಲೆ ಬೇಡದ ಎಳೆ ಕಂಡರೆ ಆ ಹೆಂಗಸಿಗೆ ಊಟ ಸೇರುವುದಿಲ್ಲ. ಕೊರಳಲ್ಲಿ ತೂಗುಹಾಕಿಕೊಂಡೇ ಇರುತ್ತಿದ್ದ ಪುಟ್ಟ ಕತ್ತರಿ ಕೈಗೆ ಬಂತು, ಎಳೆ ತುಂಡಾಯಿತು.

"ಅಯ್ಯೋ ಮರೆಗುಳಿ, ಟ್ಯಾಗ್ ತೆಗೀದೇ ಬಂದಿದೀಯಲ್ಲೇ! ಸದ್ಯ, ಯಾರೂ ನೋಡ್ಲಿಲ್ಲ ಬಿಡು" ಎಂದು ಕಿವಿಯಲ್ಲಿ ಪಿಸುಗುಟ್ಟಿ, ಟ್ಯಾಗನ್ನು ದಾಸೊಮ್‌ಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

ಅಷ್ಟರಲ್ಲಿ ಮಗು ದಾರ ಹಿಡಿಯಿತು, ದೀರ್ಘಾಯುಸ್ಸು! ಎಲ್ಲರೂ ಚಪ್ಪಾಳೆ ತಟ್ಟಿದರು. ದಾಸೊಮ್ ಕೂಡ ತಟ್ಟಿದಳು, ಮುಷ್ಟಿಯೊಳಗೆ ಟ್ಯಾಗ್ ಇಟ್ಟುಕೊಂಡು ಎಷ್ಟು ತಟ್ಟಬಹುದೋ ಅಷ್ಟು.

ಅವಳೇನೂ ಮರೆತಿರಲಿಲ್ಲ. ಸೋಮವಾರ ಆ ಕೋಟು ಬಂದ ಪೆಟ್ಟಿಗೆಯಲ್ಲೇ ವಾಪಸ್ಸು ಹೋಗಬೇಕಿತ್ತು. ಟ್ಯಾಗ್ ಕತ್ತರಿಸಿದ ಬಟ್ಟೆಯನ್ನು ಯಾರೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಮೂರು ವರ್ಷದಿಂದ ನಡೆದುಬಂದದ್ದು ಹೀಗೇ. ದಾಸೊಮ್‌ಳ ಬ್ಲಾಗಿನಲ್ಲಿ ಪ್ರತಿ ಬರಹದ ತಲೆಯ ಮೇಲೂ ಒಂದು ಸಾಲು ಇರುತ್ತಿತ್ತು: ನನ್ನ ದುಡ್ಡು, ನಾನೇ ಕೊಂಡದ್ದು. ಕಂಪನಿಯವರು ಪುಕ್ಕಟೆ ಕಳಿಸಿದ ಬಟ್ಟೆ ತೊಟ್ಟು ಹಾಡಿಹೊಗಳುವ ಬ್ಲಾಗುಗಳಿಂದ ಸಾಕಾಗಿದ್ದ ಜನ, ಆ ಒಂದು ಸಾಲಿಗೇ ಮುಗಿಬಿದ್ದು ಅವಳನ್ನು ಓದುತ್ತಿದ್ದರು. ಅವಳು ತನ್ನ ಕಾರ್ಡಿನಿಂದಲೇ ಕೊಳ್ಳುತ್ತಿದ್ದಳು. ಟ್ಯಾಗನ್ನು ಒಳಗೆ ಸಿಕ್ಕಿಸಿ, ನದಿ ದಂಡೆಯಲ್ಲೋ ಕಾಫಿ ಅಂಗಡಿಯ ಮುಂದೋ ನಲವತ್ತು ನಿಮಿಷ ಫೋಟೋ ತೆಗೆದುಕೊಳ್ಳುತ್ತಿದ್ದಳು. ಏಳು ದಿನದೊಳಗೆ ಮಡಿಸಿ, ಟೇಪು ಹಾಕಿ, ಬಾಗಿಲ ಹೊರಗಿಡುತ್ತಿದ್ದಳು. ಇದು ಮೋಸವೋ ಅಲ್ಲವೋ ನೀವೇ ಹೇಳಿ. ಅವಳನ್ನು ಕೇಳಿದ್ದರೆ, "ಸುಳ್ಳೆಲ್ಲಿ ಹೇಳಿದೀನಿ? ಕೊಂಡಿದ್ದು ನಾನೇ ತಾನೇ?" ಅನ್ನುತ್ತಿದ್ದಳು. ಆದರೆ ಯಾರೂ ಕೇಳಿರಲಿಲ್ಲ. ಓದುವವರ ಕಣ್ಣಲ್ಲಿ ತುಂಬಿ ತುಳುಕುತ್ತಿದ್ದ ಆ ಕಪಾಟಿನಲ್ಲಿ ನಿಜಕ್ಕೂ ಇದ್ದದ್ದು ನಾಲ್ಕು ಕಪ್ಪು ಸ್ವೆಟರು, ಎರಡು ಪ್ಯಾಂಟು.

ಕೋಟಿನ ಬಗ್ಗೆ ಬರೆದು ಹಾಕಿ ಆಗಲೇ ಒಂದು ದಿನವಾಗಿತ್ತು. "ಹತ್ತಿಯಷ್ಟು ಹಗುರ. ಕಣ್ಣು ಮುಚ್ಚಿಕೊಂಡು ಹತ್ತು ಚಳಿಗಾಲ ತೊಡಬಹುದು" ಎಂದು ಬರೆದಿದ್ದಳು. ಬರೆಯುವಾಗ ಆ ಕೋಟು ಅವಳ ಮೈಮೇಲೆ ಇದ್ದದ್ದು ಒಟ್ಟು ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಗಾಳಿ ನಿಲ್ಲಲಿ ಎಂದು ಕಾದದ್ದು.

ಈಗ ಕೋಟು ಅವಳದೇ ಆಯಿತು. ಆ ತಿಂಗಳ ಬಾಡಿಗೆಗೆ ಏನು ಮಾಡಿದಳು ಎನ್ನುವುದು ಬೇರೆ ಕತೆ, ಬಿಡಿ. ಕೊಂಡ ಮೇಲೆ ತೊಡದೆ ಏನು ಮಾಡುವುದು? ದಿನಾ ಅದನ್ನೇ ತೊಟ್ಟು ಸಬ್‌ವೇ ಹತ್ತಿದಳು, ಮೂಲಂಗಿ ಹೊತ್ತು ತಂದಳು.

ನಾಲ್ಕನೇ ದಿನಕ್ಕೆ ಕೋಟಿನ ಭಾರಕ್ಕೆ ಹೆಗಲು ನೋಯತೊಡಗಿತು. ಒಂಬತ್ತನೇ ದಿನ ಕಂಕುಳ ಹತ್ತಿರ ಬಟ್ಟೆಯ ಮೇಲೆ ನೂಲಿನ ಸಣ್ಣ ಸಣ್ಣ ಉಂಡೆಗಳೆದ್ದವು. ಕಿತ್ತರೆ ಮರುದಿನ ಮತ್ತೆ ಹಾಜರು. ಎರಡು ವಾರ ಕಳೆಯುವಷ್ಟರಲ್ಲಿ ಒಳಗಿನ ಲೈನಿಂಗ್ ಹೊಲಿಗೆ ಬಿಟ್ಟು, ಕೈ ತೂರಿಸಿದಾಗಲೆಲ್ಲ ಬೆರಳು ತೋಳಿನೊಳಗೆ ಹೋಗದೆ ಬಟ್ಟೆಯ ನಡುವೆ ಎಲ್ಲೋ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಹತ್ತು ಚಳಿಗಾಲವಂತೆ! ಒಂದು ನವೆಂಬರ್ ಕಳೆದರೆ ದೊಡ್ಡದು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಚಡಪಡಿಕೆ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಬರಹ ತೆರೆಯುವಳು, 'ತಿದ್ದು' ಎಂಬಲ್ಲಿ ಬೆರಳಿಡುವಳು, ಕೆಳಗೆ ಎರಡು ಸಾವಿರ ಮೆಚ್ಚುಗೆ ನೋಡುವಳು, ಮುಚ್ಚುವಳು. ಅಕ್ಕಿ ತೊಳೆಯುವಾಗ ಮತ್ತೆ ತೆರೆಯುವಳು. 'ನಾನೂ ತರಿಸಿದೆ ಅಕ್ಕಾ' ಎಂದು ಯಾರೋ ಬರೆದಿದ್ದರೆ ಫೋನನ್ನೇ ಬೋರಲು ಹಾಕುವಳು. ತಾನು ತೊಟ್ಟು ನೋಡಿದ ಮೊದಲ ಬಟ್ಟೆಯೇ ಹೀಗಾದರೆ, ತೊಡದೆ ಬರೆದ ಆ ಇನ್ನೂರು ಬಟ್ಟೆಗಳು? ಆ ಪ್ರಶ್ನೆ ಬಂದಾಗಲೆಲ್ಲ ಎದ್ದು ಕಿಟಕಿ ತೆರೆಯುತ್ತಿದ್ದಳು, ಚಳಿ ಬಂದು ಮುಚ್ಚುತ್ತಿದ್ದಳು.

ಮೂರನೇ ವಾರ, ಗುರುವಾರ ಮಧ್ಯಾಹ್ನ, ಲೈನಿಂಗನ್ನಾದರೂ ಹೊಲಿಸೋಣವೆಂದು ಚಿಕ್ಕಮ್ಮನ ಅಂಗಡಿಗೆ ಹೋದಳು. ಅಂಗಡಿ ಎಂದರೆ ಒಂದು ಮೆಷಿನ್, ಒಂದು ಇಸ್ತ್ರಿ ಮೇಜು, ಇಬ್ಬರು ನಿಂತರೆ ಮೂರನೆಯವರು ಗಲ್ಲಿಯಲ್ಲೇ. ಗಾಜಿನ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿತ್ತು: ವರ್ಷದ ಕೊನೆಗೆ ಅಂಗಡಿ ಮುಚ್ಚಲಾಗುವುದು. ಕೊಟ್ಟ ಬಟ್ಟೆಗಳನ್ನು ಬೇಗ ಒಯ್ಯಿರಿ.

"ಇದೇನು ಚಿಕ್ಕಮ್ಮ, ಮುಚ್ಚೋದು ಅಂದ್ರೆ?"

"ಬಾರೇ, ಬಾಗಿಲು ಹಾಕು, ಚಳಿ ಬರುತ್ತೆ. ಮುಚ್ಚೋದು ಅಂದ್ರೆ ಮುಚ್ಚೋದು. ಅರವತ್ಮೂರಾಯ್ತಲ್ಲ." ಚಿಕ್ಕಮ್ಮ ಹೀಟರಿನ ಮೇಲಿಂದ ಒಂದು ಸುಟ್ಟ ಗೆಣಸು ತೆಗೆದು ಅವಳ ಕೈಗಿತ್ತಳು. "ಅದಿರ್ಲಿ, ಅಲ್ಲಿ ನೋಡು."

ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಕವರಿನೊಳಗೆ ಒಂದು ಕೋಟು ತೂಗುತ್ತಿತ್ತು. ಅದೇ ಒಂಟೆ ಬಣ್ಣ, ಅದೇ ಅಗಲ ಕಾಲರು.

"ನಂದೂನೂವೆ! ನನ್ನ ಮಗಳು ಯುರಾಗೆ ಗಂಡು ಗೊತ್ತಾಗಿದೆ, ಬೀಗರ ಜೊತೆ ಶನಿವಾರ ಮೊದಲ್ನೇ ಊಟ. ಹುಡುಗನ ಅಮ್ಮ ಟೀಚರ್ ಅಂತೆ. ರಿಪೇರಿ ಹೊಲಿಯೋಳ ಮಗಳು ಅಂತ ನಮ್ಮ ಹುಡುಗೀನ ಹಗುರವಾಗಿ ನೋಡಬಾರ್ದಲ್ಲ? ದಿನಾ ನೀನು ಈ ಕೋಟು ಹಾಕ್ಕೊಂಡು ನನ್ನ ಅಂಗಡಿ ಮುಂದೇನೇ ಓಡಾಡ್ತಿದ್ದೆ. ನೋಡಿ ನೋಡಿ ಆಸೆ ಆಗೋಯ್ತು. ಐದು ದಿನ ಆಯ್ತು ಬಂದು."

ದಾಸೊಮ್ ಬಾಯಿಗೆ ತಂದ ಗೆಣಸನ್ನು ಕೆಳಗಿಳಿಸಿದಳು. "ಚೆನ್ನಾಗಿದೆಯಾ ಚಿಕ್ಕಮ್ಮ?" ಎಂದಳು. ಕೇಳಬಾರದಿತ್ತು.

ಚಿಕ್ಕಮ್ಮ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡಳು. "ಅದೇ ಕಣೇ ವಿಷ್ಯ. ಬಂದ ದಿನ ಮುಟ್ಟಿ ನೋಡ್ದೆ. ಈ ಹೆಬ್ಬೆಟ್ಟು 'ಥೂ, ಇದು ಉಣ್ಣೆ ಅಲ್ಲ, ನೆಯ್ಗೆ ಸಡಿಲ, ತಿಂಗಳಲ್ಲಿ ಉಂಡೆ ಏಳುತ್ತೆ' ಅಂತು. ನೀನು ಹತ್ತು ಚಳಿಗಾಲ ಅಂತ ಬರ್ದಿದೀಯ. ಹೋದ ವರ್ಷದ ಆ ಬಿಳೀ ಬ್ಲೌಸ್ ಕೂಡ ಹಂಗೇ. ನೀನು ಬಣ್ಣ ಹೋಗಲ್ಲ, ಬಟ್ಟೆ ಗಟ್ಟಿ ಅಂದೆ, ಬೆರಳು ಬೇಡ ಅಂತು. ಬೆರಳಿನ ಮಾತು ಕೇಳ್ಲಿಲ್ಲ, ತಗೊಂಡೆ, ಒಳ್ಳೇ ದಿನಕ್ಕೆ ಅಂತ ಎತ್ತಿಟ್ಟಿದೀನಿ. ಕಂದು ಬೂಟೂ ಹಂಗೇ. ಮೂರು ಸಲ ಆಯ್ತು. ನೀನು ಹಾಕ್ಕೊಂಡು ಓಡಾಡಿ ಬರೆಯೋಳು, ನಿಂದು ಸುಳ್ಳಾಗುತ್ತಾ? ನನ್ನ ಕೈಗೇ ಮಂಕು ಹಿಡಿದಿದೆ. ಬಟ್ಟೆ ಗೊತ್ತಾಗದ ಕೈ ಇಟ್ಕೊಂಡು ಜನರ ಬಟ್ಟೆ ಮುಟ್ಟಬಾರ್ದು. ಅದಕ್ಕೇ ಕಾಗದ ಅಂಟಿಸ್ದೆ."

ಇಷ್ಟನ್ನೂ ಅವಳು ನಗುತ್ತಲೇ ಹೇಳಿದಳು. ಹೇಳುತ್ತ ಹೆಬ್ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು, ಅದರ ಮೇಲೆ ಏನೋ ಮೆತ್ತಿಕೊಂಡಿದೆ ಎನ್ನುವ ಹಾಗೆ.

"ನೀನೇನು ಬಂದೆ, ಹೊಲಿಯೋದಿದೆಯಾ?"

"ಇಲ್ಲ ಚಿಕ್ಕಮ್ಮ. ಸುಮ್ನೆ, ಮಾತಾಡ್ಸಿ ಹೋಗೋಣ ಅಂತ ಬಂದೆ." ದಾಸೊಮ್ ತೋಳನ್ನು ಮೈಗೆ ಒತ್ತಿ ಹಿಡಿದು, ಕಂಕುಳ ಉಂಡೆಗಳು ಕಾಣದ ಹಾಗೆ ಪಕ್ಕಕ್ಕೆ ತಿರುಗಿ ಹೊರಬಿದ್ದಳು.

ಕಾಲು ಎಳೆದತ್ತ ನಡೆದಳು. ಮೀನಿನ ಅಂಗಡಿ ದಾಟಿ, ನದಿ ದಂಡೆಗೆ ಹೋಗಿ, ಅಲ್ಲಿ ಗಾಳಿಗೆ ನಿಲ್ಲಲಾರದೆ ಮತ್ತೆ ಗಲ್ಲಿಗೆ ಬಂದು, ಚಿಕ್ಕಮ್ಮನ ಅಂಗಡಿ ಕಂಡೊಡನೆ ತಿರುಗಿ ಮತ್ತೆ ನದಿಗೆ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಮೂರು ಸುತ್ತು. ಗೆಣಸು ಕೈಯಲ್ಲೇ ತಣ್ಣಗಾಯಿತು. ಏನೂ ಹೇಳದಿದ್ದರೂ ನಡೆಯುತ್ತದೆ, ಅವಳಿಗೆ ಗೊತ್ತಿತ್ತು. ಚಿಕ್ಕಮ್ಮ ಶನಿವಾರ ಆ ಕೋಟು ತೊಟ್ಟು ಹೋಗುತ್ತಾಳೆ, ಒಂದು ಊಟಕ್ಕೆ ಅದೇನೂ ಆಗುವುದಿಲ್ಲ. ಅಂಗಡಿ ಮುಚ್ಚುತ್ತಾಳೆ, ವಯಸ್ಸಾಯಿತು ಎಂದು ಎಲ್ಲರೂ ಅನ್ನುತ್ತಾರೆ. ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ. ನಲವತ್ತು ವರ್ಷ ಇಡೀ ಗಲ್ಲಿಯ ಬಟ್ಟೆ ನೋಡಿದ ಹೆಬ್ಬೆರಳು ಮಾತ್ರ ಸಾಯುವ ತನಕ ತಲೆ ತಗ್ಗಿಸಿಕೊಂಡಿರುತ್ತದೆ. ನಲವತ್ತು ನಿಮಿಷ ಕೋಟು ತೊಟ್ಟವಳ ಮಾತು ನಂಬಿ!

ಮೂರನೇ ಸುತ್ತಿನಲ್ಲಿ ಅವಳ ಕಾಲು ಅಂಗಡಿಯ ಮುಂದೆ ತಿರುಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದವಳೇ ಕೋಟು ಬಿಚ್ಚಿ, ಒಳಗನ್ನು ಹೊರಮಾಡಿ, ಇಸ್ತ್ರಿ ಮೇಜಿನ ಮೇಲೆ ಹಾಕಿದಳು.

"ಮುಟ್ಟಿ ನೋಡಿ ಚಿಕ್ಕಮ್ಮ."

ಚಿಕ್ಕಮ್ಮ ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳು ಕಂಕುಳ ಉಂಡೆಗಳ ಮೇಲೆ ಹೋಯಿತು, ಹೊಲಿಗೆ ಬಿಟ್ಟ ಲೈನಿಂಗಿನೊಳಗೆ ಹೊಕ್ಕಿತು, ಹೊರಬಂತು.

"ಎಷ್ಟು ದಿನಕ್ಕೆ?"

"ಒಂಬತ್ತು."

"ಒಂಬತ್ತು!" ಚಿಕ್ಕಮ್ಮನ ಮುಖ ಅರಳಿಬಿಟ್ಟಿತು. "ನಾನು ತಿಂಗಳು ಅಂದಿದ್ದೆ! ನೋಡಿದ್ಯಾ? ನೋಡಿದ್ಯೇನೇ? ನನ್ನ ಕೈ ಸರಿಯಾಗೇ ಇದೆ!" ಎಂದು ಮೇಜು ಕುಟ್ಟಿದಳು. ಕುಟ್ಟಿದ ಕೈ ಹಾಗೇ ನಿಂತಿತು. "ಮತ್ತೆ ನೀನು ಹತ್ತು ಚಳಿಗಾಲ ಅಂತ ಯಾಕೆ ಬರ್ದೆ?"

ದಾಸೊಮ್ ಹೇಳಿದಳು. ನಲವತ್ತು ನಿಮಿಷ, ಏಳು ದಿನ, ಟೇಪು, ಪೆಟ್ಟಿಗೆ, ಎಲ್ಲ. "ಅವತ್ತು ನೀವು ಕತ್ತರಿಸಿದ್ರಲ್ಲ, ಆ ಟ್ಯಾಗು, ನಾನು ಮರೆತಿರ್ಲಿಲ್ಲ ಚಿಕ್ಕಮ್ಮ. ಬೇಕೂಂತಲೇ ಇಟ್ಕೊಂಡಿದ್ದೆ."

"ಬಿಳೀ ಬ್ಲೌಸು?"

"ವಾಪಸ್ಸು ಕಳಿಸ್ದೆ."

"ಬೂಟು?"

"ಅದೂ."

ಚಿಕ್ಕಮ್ಮ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಕೂಗಾಡುತ್ತಾಳೆ ಎಂದು ದಾಸೊಮ್ ಕಾದಳು. ಕೂಗಾಡಿದ್ದರೆ ಹಾಯೆನಿಸುತ್ತಿತ್ತೋ ಏನೋ.

"ಎರಡು ವರ್ಷ ಕಣೇ," ಎಂದಳು ಚಿಕ್ಕಮ್ಮ ಮೆಲ್ಲಗೆ. "ಎರಡು ವರ್ಷದಿಂದ ಒಂದೊಂದು ಬಟ್ಟೆ ಹಿಡಿದಾಗ್ಲೂ ನನ್ನ ಮೇಲೆ ನನಗೇ ಅನುಮಾನ. ಗಿರಾಕಿ ಬಟ್ಟೆ ತಂದು 'ಇದು ಒಳ್ಳೇದಾ?' ಅಂತ ಕೇಳಿದ್ರೆ ಬಾಯಿ ಬರ್ತಿರ್ಲಿಲ್ಲ. ಫೋನಲ್ಲಿ ದಾಸೊಮ್ ಬರೆದಿದ್ದು ಓದಿ ನೋಡಿ ಅಂತಿದ್ದೆ. ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ."

"ಆಗ್ಲಿ. ಇಲ್ಲೇ ಕೂತು ಬರಿ. ಬರೆದು ನಂಗೆ ಓದಿ ಹೇಳು."

ಕೂರಲು ಇನ್ನೊಂದು ಸ್ಟೂಲಿರಲಿಲ್ಲ. ದಾಸೊಮ್ ಇಸ್ತ್ರಿ ಮೇಜಿಗೆ ಒರಗಿ ನಿಂತೇ ಬರೆದಳು. ಕಂಕುಳ ಉಂಡೆಗಳ ಫೋಟೋ ತೆಗೆದಳು. ಮೂರು ವಾರದಿಂದ ಪರ್ಸಿನಲ್ಲೇ ಇದ್ದ ಟ್ಯಾಗನ್ನು ಪಕ್ಕದಲ್ಲಿಟ್ಟು ಅದರದ್ದೂ ತೆಗೆದಳು. ಆಮೇಲೆ ಓದಿ ಹೇಳಿದಳು. ಚಿಕ್ಕಮ್ಮ ಕಣ್ಣುಮುಚ್ಚಿ ಕೇಳಿ, "'ಕ್ಷಮಿಸಿ' ಅನ್ನೋದು ಐದು ಸಲ ಬಂತು. ಒಂದು ಸಾಕು. ಆ ಜಾಗದಲ್ಲಿ ಎಷ್ಟು ಬಟ್ಟೆ ಅಂತ ಲೆಕ್ಕ ಹಾಕು" ಎಂದಳು. ಇನ್ನೂರ ಹದಿನಾಲ್ಕು. ಹಾಕಿದಳು.

ಪ್ರಕಟಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ಮೂರು ವರ್ಷದ ಬದುಕು ಆ ಬೆರಳಿನ ಕೆಳಗಿತ್ತು. "ಚಿಕ್ಕಮ್ಮ, ನೀವೇ ಒತ್ತಿ" ಎಂದಳು ಅಳುಮುಖ ಮಾಡಿ.

"ನನ್ನ ಬೆರಳು ಯಾಕೆ ಬೇಕು? ನನ್ನ ಬೆರಳು ಯಾವತ್ತೂ ಸುಳ್ಳು ಹೇಳಿಲ್ಲ. ನಿಂದರಲ್ಲೇ ಒತ್ತು."

ಒತ್ತಿದಳು. ಅರೆ ನಿಮಿಷಕ್ಕೇ ಫೋನು ಗುಂಯ್ಗುಡತೊಡಗಿತು, ನಿಲ್ಲಲೇ ಇಲ್ಲ. ಚಿಕ್ಕಮ್ಮ ಅದನ್ನು ಕಿತ್ತುಕೊಂಡು ಪ್ಯಾಂಟುಗಳ ರಾಶಿಯ ಕೆಳಗೆ ತುರುಕಿದಳು.

"ನಿಮ್ಮ ಕೋಟಿಗೆ ಇನ್ನೂ ಎರಡು ದಿನ ಟೈಮಿದೆ," ಎಂದಳು ದಾಸೊಮ್ ಮೂಗೊರೆಸಿಕೊಳ್ಳುತ್ತ. "ನಾನೇ ವಾಪಸ್ಸು ಕಳಿಸಿ ಕೊಡ್ತೀನಿ. ಅದೊಂದು ನಂಗೆ ಚೆನ್ನಾಗಿ ಬರುತ್ತೆ."

"ಅಹಹಾ, ಬಾರದೇ ಇರುತ್ತಾ!"

"ಶನಿವಾರಕ್ಕೆ ಏನು ಹಾಕ್ಕೋತೀರಿ?"

"ನಂದೊಂದು ಹಳೇದಿದೆ. ಯುರಾನ ಸ್ಕೂಲಿಗೆ ಸೇರಿಸೋವಾಗ ನಾನೇ ಹೊಲ್ಕೊಂಡಿದ್ದು. ಇಪ್ಪತ್ತೆರಡು ಚಳಿಗಾಲ ಆಯ್ತು." ಚಿಕ್ಕಮ್ಮ ಎದ್ದು ಹೋಗಿ ಬಾಗಿಲ ಮೇಲಿನ ಕಾಗದವನ್ನು ಉಗುರಿನಿಂದ ಕೆರೆದು ಕಿತ್ತಳು. ಬಂದು ದಾಸೊಮ್‌ಳ ಕೋಟನ್ನು ಮೆಷಿನ್ನಿನ ಮೇಲೆಳೆದುಕೊಂಡು, ಹರಿದ ಲೈನಿಂಗಿಗೆ ಕತ್ತರಿ ಹಾಕಿದಳು.

"ಲೈನಿಂಗ್ ಪೂರ್ತಿ ಬದಲಾಯಿಸ್ಬೇಕು. ಪುಕ್ಕಟೆ ಅಲ್ಲ, ನಿನ್ನ ದುಡ್ಡೇ. ಮತ್ತೆ ಈಗ್ಲೇ ಹೇಳಿಬಿಡ್ತೀನಿ, ನನ್ನ ಅಂಗಡೀಲಿ ವಾಪಸ್ಸು ಗೀಪಸ್ಸು ಇಲ್ಲ."